ಚರ್ಚಿನ ಶಾಲೆಯಲ್ಲಿ ಪರರ ದೇವರು

ಇಂಗ್ಲೆಂಡಿನ 1988ರ ಶಿಕ್ಷಣ ಸುಧಾರಣಾ ಕಾಯ್ದೆ ಧಾರ್ಮಿಕ ಶಿಕ್ಷಣದ ಪಠ್ಯಕ್ರಮಕ್ಕೆ ಎರಡು ಹೊಣೆ ಹೊರಿಸಿತು. ಬ್ರಿಟನ್ನಿನ ಧಾರ್ಮಿಕ ಪರಂಪರೆ ಬಹುಮಟ್ಟಿಗೆ ಕ್ರೈಸ್ತವೆಂಬುದು ಪಾಠಗಳಲ್ಲಿ ಕಾಣಬೇಕು. ಜೊತೆಗೆ ಆ ನಾಡಿನಲ್ಲಿ ನೆಲೆಸಿರುವ ಇತರ ಪ್ರಮುಖ ಧರ್ಮಗಳ ಬೋಧನೆ, ಆಚರಣೆಗಳಿಗೂ ಜಾಗ ಸಿಗಬೇಕು. ಪ್ರಮುಖ ಧರ್ಮಗಳು ಯಾವುವು ಎಂದು ಮಾತ್ರ ಕಾಯ್ದೆ ಹೇಳಲಿಲ್ಲ. ಆ ಕೆಲಸವನ್ನು ರೂಢಿ ಮಾಡಿತು. 1994ರಲ್ಲಿ ಸರ್ಕಾರದ ಪಠ್ಯಕ್ರಮ ಸಂಸ್ಥೆ ಮಾದರಿ ಪಠ್ಯಕ್ರಮಗಳನ್ನು ಹೊರತಂದಾಗ ಅವುಗಳಲ್ಲಿದ್ದವು ಆರು ಧರ್ಮಗಳು: ಕ್ರೈಸ್ತ, ಇಸ್ಲಾಂ, ಯಹೂದಿ, ಹಿಂದೂ, ಸಿಖ್, ಬೌದ್ಧ. ಒಂದೊಂದು ಧರ್ಮದವರನ್ನೂ ಕರೆಸಿ, ನಿಮ್ಮ ಮಕ್ಕಳಲ್ಲದವರಿಗೆ ನಿಮ್ಮ ಬಗ್ಗೆ ಏನು ತಿಳಿದಿರಬೇಕು ಎಂದು ಕೇಳಿ ಅವನ್ನು ಸಿದ್ಧಪಡಿಸಿದ್ದರು. ಬಹಳ ಒಳ್ಳೆಯ ಕ್ರಮ ಅದು. ಆದರೆ ಆವತ್ತು ಆ ಕೋಣೆಗೆ ಕರೆ ಬಾರದವರು ಇವತ್ತಿಗೂ ಹೊರಗೇ ಇದ್ದಾರೆ. ಇದಕ್ಕೆ ತಲೆ ಎಣಿಕೆ ಕಾರಣವಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 74,000 ಜನ ತಮ್ಮ ಧರ್ಮ ಪೇಗನ್ ಎಂದು ಬರೆಸಿದರು, ಇನ್ನೂ 13,000 ಜನ ಅದರದೇ ಪಂಥವಾದ ವಿಕ್ಕಾ ಎಂದರು. ಜೈನರೆಂದು ಬರೆಸಿದವರು ಸುಮಾರು 25,000. ನಿಸರ್ಗವನ್ನೂ ಹಳೆಯ ದೇವತೆಗಳನ್ನೂ ಆರಾಧಿಸುವ ಪೇಗನರು ಜೈನರ ಮೂರು ಪಟ್ಟು ಇದ್ದರೂ ಬಹುಪಾಲು ಶಾಲೆಗಳಲ್ಲಿ ಮಕ್ಕಳು ಇಬ್ಬರ ಬಗ್ಗೆಯೂ ಏನನ್ನೂ ಕಲಿಯದೆ ಹೊರಬರುತ್ತಾರೆ.

ಸರ್ಕಾರಿ ಶಾಲೆಗಿಂತ ಧರ್ಮಸಂಸ್ಥೆ ನಡೆಸುವ ಶಾಲೆಯಲ್ಲಿ ಈ ಪ್ರಶ್ನೆ ಹೆಚ್ಚು ಇಕ್ಕಟ್ಟಿನದು. ಇಂಗ್ಲೆಂಡಿನಲ್ಲಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳ ಪೈಕಿ ಸುಮಾರು ಮೂರನೆಯ ಒಂದು ಭಾಗ ಯಾವುದಾದರೊಂದು ಧರ್ಮಕ್ಕೆ ಸೇರಿದ್ದು. ಚರ್ಚ್ ಆಫ್ ಇಂಗ್ಲೆಂಡಿನವೇ ಸುಮಾರು 4,600, ಕ್ಯಾಥೊಲಿಕ್ ಶಾಲೆಗಳು ಹತ್ತಿರ ಹತ್ತಿರ 2,000. ಯಹೂದಿ ಶಾಲೆಗಳು ಮೊದಲಿಂದ ಇದ್ದವು. 1998ರಲ್ಲಿ ಮುಸ್ಲಿಂ ಶಾಲೆಗೆ, 1999ರಲ್ಲಿ ಸಿಖ್ ಶಾಲೆಗೆ ಸರ್ಕಾರಿ ಅನುದಾನ ದೊರೆಯಿತು, 2008ರಲ್ಲಿ ಲಂಡನ್ನಿನ ಹ್ಯಾರೊದಲ್ಲಿ ಕೃಷ್ಣ ಅವಂತಿ ಎಂಬ ಹಿಂದೂ ಶಾಲೆ ತೆರೆಯಿತು. ಮಾಮೂಲಿ ಸರ್ಕಾರಿ ಶಾಲೆಗೆ ಸ್ಥಳೀಯ ಆಡಳಿತ ಒಪ್ಪಿದ ಪಠ್ಯಕ್ರಮವಿದೆ. ಅದನ್ನು ರಚಿಸುವ ಸಮಿತಿಯಲ್ಲಿ ಬೇರೆ ಬೇರೆ ಧರ್ಮದವರು ಕೂರುತ್ತಾರೆ. ಚರ್ಚಿನ ಶಾಲೆಗಳಲ್ಲಿ ಒಂದು ವರ್ಗ ಆ ಪಠ್ಯಕ್ರಮಕ್ಕೇ ಬದ್ಧ. ಬಹುಮಟ್ಟಿಗೆ ಧರ್ಮಸಂಸ್ಥೆಯ ಹಿಡಿತದಲ್ಲಿರುವ ಅನುದಾನಿತ ಶಾಲೆಗಳಿಗೆ ಆ ಕಟ್ಟಿಲ್ಲ. ಅಲ್ಲಿ ಏನು ಕಲಿಸಬೇಕೆಂದು ತೀರ್ಮಾನಿಸುವುದು ಧರ್ಮಸಂಸ್ಥೆಯೇ, ಕಲಿಸಿದ್ದನ್ನು ತಪಾಸಣೆ ಮಾಡಲು ಇನ್‌ಸ್ಪೆಕ್ಟರನ್ನು ಆರಿಸುವುದೂ ಅದೇ ಧರ್ಮದ ಕಡೆಯವರೊಡನೆ ಸಮಾಲೋಚಿಸಿಯೇ. ಅನ್ಯಧರ್ಮೀಯರನ್ನು ಗೌರವಿಸುವುದನ್ನು ಕಲಿಸಬೇಕೆಂಬ ಸಾಮಾನ್ಯ ನಿಯಮ ಎಲ್ಲರಿಗೂ ಇದೆ, ಖಾಸಗಿ ಶಾಲೆಗೂ ಇದೆ. ಆದರೆ ತಿಳಿಯದವರನ್ನು ಗೌರವಿಸು ಎಂದು ಮಗುವಿಗೆ ಹೇಳುವುದು ಬರಿಯ ಬಾಯಿಮಾತು.

ಇಲ್ಲಿ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆ ನಡೆಸುವ ಧರ್ಮಕ್ಕೆ ತನ್ನ ನಂಬಿಕೆಯನ್ನು ನಂಬಿಕೆಯಾಗಿಯೇ, ಒಳಗಿನಿಂದ, ಹೃದಯ ತುಂಬಿ ಕಲಿಸುವ ಹಕ್ಕಿದೆ. ಇನ್ನೊಬ್ಬರ ನಂಬಿಕೆ ಏನು ಎಂಬುದನ್ನು ತಾನೇ ತೀರ್ಮಾನಿಸಿ ಮಕ್ಕಳಿಗೆ ಒಪ್ಪಿಸುವ ಹಕ್ಕಿಲ್ಲ. ಇವೆರಡನ್ನೂ ಒಂದೇ ಸ್ವಾತಂತ್ರ್ಯವೆಂದು ಭಾವಿಸಿದ್ದರಿಂದಲೇ ಈ ಚರ್ಚೆ ಇಷ್ಟು ಕಾಲ ದಾರಿ ತಪ್ಪಿದೆ.

ಈ ಗೆರೆಯನ್ನು ಸ್ಪಷ್ಟವಾಗಿ ಎಳೆದದ್ದು ಕೆನಡಾದ ಸುಪ್ರೀಂ ಕೋರ್ಟ್. ಕ್ವಿಬೆಕ್ ಪ್ರಾಂತ್ಯ 2008ರಲ್ಲಿ ನೀತಿ ಮತ್ತು ಧಾರ್ಮಿಕ ಸಂಸ್ಕೃತಿ ಎಂಬ ಕಡ್ಡಾಯ ವಿಷಯವನ್ನು ಎಲ್ಲ ಶಾಲೆಗಳಿಗೂ ತಂದಿತು, ಖಾಸಗಿ ಶಾಲೆಗಳಿಗೂ ಅದು ಅನ್ವಯಿಸಿತು. ಮಾಂಟ್ರಿಯಲ್ಲಿನ ಲೊಯೊಲಾ ಹೈಸ್ಕೂಲು ಜೆಸುಯಿಟ್ ಪಾದ್ರಿಗಳದ್ದು, ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಕಟ್ಟಿದ ಸಂಘದ್ದೇ. ಈ ವಿಷಯವನ್ನು ನಾವು ಕ್ಯಾಥೊಲಿಕ್ ದೃಷ್ಟಿಯಿಂದಲೇ ಕಲಿಸುತ್ತೇವೆ, ಅನುಮತಿ ಕೊಡಿ ಎಂದು ಆ ಶಾಲೆ ಕೇಳಿತು. ಸರ್ಕಾರ ಒಪ್ಪಲಿಲ್ಲ, ಸ್ವಂತ ಧರ್ಮವನ್ನೂ ತಟಸ್ಥವಾಗಿಯೇ ಕಲಿಸಿ ಎಂದಿತು. 2015ರ ಮಾರ್ಚಿನಲ್ಲಿ ಬಂದ ತೀರ್ಪಿನಲ್ಲಿ ನ್ಯಾಯಮೂರ್ತಿ ರೊಸಾಲಿ ಅಬೆಲ್ಲಾ ಬಹುಮತದ ಪರವಾಗಿ ಎರಡು ಮಾತು ಬರೆದರು. ಕ್ಯಾಥೊಲಿಕ್ ಶಾಲೆಯೊಂದು ತನ್ನ ಧರ್ಮವನ್ನೇ ಹೊರಗಿನವರಂತೆ ಕಲಿಸಬೇಕೆನ್ನುವುದು ಧಾರ್ಮಿಕ ಸ್ವಾತಂತ್ರ್ಯಕ್ಕೆ ಏಟು. ಅದೇ ಶಾಲೆ ಇತರ ಧರ್ಮಗಳ ನಂಬಿಕೆ ಮತ್ತು ನೀತಿಯನ್ನು ಸಾಧ್ಯವಾದಷ್ಟೂ ವಸ್ತುನಿಷ್ಠವಾಗಿ ಕಲಿಸಬೇಕೆಂದು ಕೇಳುವುದರಲ್ಲಿ ಅನ್ಯಾಯವಿಲ್ಲ. ಏಳು ನ್ಯಾಯಮೂರ್ತಿಗಳಲ್ಲಿ ಮೂವರು ಎರಡನೆಯ ಮಾತಿಗೆ ತಕರಾರು ತೆಗೆದರು. ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಎದ್ದುನಿಂತು, ಸರ್, ಇದನ್ನು ನಮ್ಮ ಚರ್ಚು ಸರಿ ಎನ್ನುತ್ತದೋ ತಪ್ಪು ಎನ್ನುತ್ತದೋ ಎಂದು ಕೇಳಿದರೆ ಮೇಷ್ಟರು ಬಾಯಿ ಮುಚ್ಚಿಕೊಂಡಿರಬೇಕೇ ಎಂಬುದು ಅವರ ಆತಂಕ. ಆತಂಕ ನಿಜವಾದದ್ದು. ಉತ್ತರವೂ ಇದೆ: ಮೇಷ್ಟರು ತಮ್ಮ ಚರ್ಚಿನ ಅಭಿಪ್ರಾಯ ಇದು ಎಂದು ಧಾರಾಳವಾಗಿ ಹೇಳಲಿ. ಅದಕ್ಕೂ ಮೊದಲು ಆ ಧರ್ಮದವರು ತಮ್ಮ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ಪೂರ್ತಿ ಹೇಳಿ ಮುಗಿಸಿರಬೇಕು. ತೀರ್ಪು ಕೊಡಬಾರದೆಂದು ಯಾರೂ ಹೇಳುತ್ತಿಲ್ಲ. ಅಹವಾಲು ಕೇಳದೆ ಕೊಡಬಾರದು ಅಷ್ಟೆ. ಕ್ವಿಬೆಕ್ಕಿನ ಆ ಪಠ್ಯಕ್ರಮದಲ್ಲಿ ಇನ್ನೊಂದು ಗಮನಿಸತಕ್ಕ ಅಂಶವಿತ್ತು. ಆ ನೆಲದ ಮೂಲನಿವಾಸಿಗಳ ಅಧ್ಯಾತ್ಮಕ್ಕೆ ಪ್ರತಿ ವರ್ಷದ ಪಾಠದಲ್ಲೂ ಜಾಗವಿತ್ತು, ಸಂಖ್ಯೆಯಲ್ಲಿ ಅವರಿಗಿಂತ ದೊಡ್ಡ ಧರ್ಮಗಳಿಗೆ ಅಷ್ಟು ಸಲ ಜಾಗವಿರಲಿಲ್ಲ. ಆ ವಿಷಯವನ್ನೇ 2024ರಲ್ಲಿ ತೆಗೆದು ಬೇರೊಂದನ್ನು ತಂದಿದ್ದಾರೆ. ಆದರೂ ಧರ್ಮದ ತೂಕವನ್ನು ತಲೆ ಎಣಿಸಿಯೇ ನಿರ್ಧರಿಸಬೇಕಿಲ್ಲ ಎಂಬುದಕ್ಕೆ ಅದು ಒಳ್ಳೆಯ ನಿದರ್ಶನ.

ಇಂಗ್ಲೆಂಡಿನ ಕ್ಯಾಥೊಲಿಕ್ ಶಾಲೆಗಳ ಉದಾಹರಣೆ ಇದಕ್ಕಿಂತ ತೊಡಕಿನದು. ಹದಿನಾರರ ಹರೆಯದ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಧಾರ್ಮಿಕ ಅಧ್ಯಯನಕ್ಕೆ 2016ರಿಂದ ಎರಡು ಧರ್ಮಗಳನ್ನು ಓದುವುದು ಕಡ್ಡಾಯವಾಯಿತು. ಎರಡನೆಯದಾಗಿ ಯಹೂದಿ ಧರ್ಮವನ್ನೇ ಓದಿಸಬೇಕೆಂದು ಬಿಷಪ್ಪರು ಶಾಲೆಗಳಿಗೆ ಸೂಚಿಸಿದರು. ಯೇಸು ಹುಟ್ಟಿದ್ದು ಯಹೂದಿಯಾಗಿ, ಬೈಬಲಿನ ಹೆಚ್ಚಿನ ಭಾಗ ಯಹೂದಿಗಳ ಗ್ರಂಥ, ಅದನ್ನು ತಿಳಿಯದೆ ತಮ್ಮ ಧರ್ಮವನ್ನೇ ತಿಳಿಯಲಾಗದು ಎಂಬ ಅವರ ಕಾರಣವನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ತರ್ಕದಲ್ಲಿ ಪರಧರ್ಮ ಬರುವುದು ಸ್ವಧರ್ಮದ ಪೀಠಿಕೆಯಾಗಿ. ಪಕ್ಕದ ಬೀದಿಯ ಮುಸ್ಲಿಂ ಹುಡುಗ, ಎದುರು ಮನೆಯ ಗುಜರಾತಿ ಹುಡುಗಿ ಏನು ನಂಬುತ್ತಾರೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ತಮಗೆ ಹತ್ತಿರದ ಧರ್ಮವನ್ನೇ ಆರಿಸಿಕೊಂಡರೆ ದೂರದವರು ಸದಾ ದೂರವೇ ಉಳಿಯುತ್ತಾರೆ. ಅದೇ ಚರ್ಚು 2023ರಲ್ಲಿ ಹೊರತಂದ ಹೊಸ ಧಾರ್ಮಿಕ ಶಿಕ್ಷಣ ನಿರ್ದೇಶಿಕೆ ಇಡೀ ಪಠ್ಯವನ್ನು ಆರು ಶಾಖೆಗಳಾಗಿ ವಿಂಗಡಿಸಿ, ಆರನೆಯದನ್ನು ಅನ್ಯರೊಂದಿಗಿನ ಸಂವಾದ ಮತ್ತು ಭೇಟಿಗೆ ಮೀಸಲಿಟ್ಟಿದೆ. ಇದು ನಿಜಕ್ಕೂ ಸ್ವಾಗತಾರ್ಹ. ಹೊರಗಿನ ಕಾನೂನಿನ ಒತ್ತಾಯಕ್ಕಿಂತ ಒಳಗಿನಿಂದಲೇ ಬಂದ ಇಂಥ ಹೆಜ್ಜೆ ಹೆಚ್ಚು ಬಾಳುತ್ತದೆಂದು ನಂಬಿದ್ದೇನೆ.

ಇನ್ನು ಪೇಗನರ ವಿಷಯ. 2012ರಲ್ಲಿ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಕೌಂಟಿ ತನ್ನ ಧಾರ್ಮಿಕ ಶಿಕ್ಷಣದಲ್ಲಿ ಪೇಗನ್ ನಂಬಿಕೆಗೆ ಜಾಗ ಕೊಟ್ಟಿತು. ಐದರ ವಯಸ್ಸಿನಿಂದ ಮಕ್ಕಳು ಊರ ಸುತ್ತಲಿನ ನಿಲುಗಲ್ಲುಗಳ ಬಗ್ಗೆ ಕಲಿಯಬೇಕು, ಹನ್ನೊಂದು ದಾಟಿದ ಮೇಲೆ ಇಂದಿನ ಪೇಗನರ ಬಗ್ಗೆ. ಪತ್ರಿಕೆಗಳಲ್ಲಿ ಗದ್ದಲವೆದ್ದಿತು, ಮಕ್ಕಳಿಗೆ ಮಾಟಮಂತ್ರ ಕಲಿಸಲು ಹೊರಟಿದ್ದಾರೆಂಬಂತೆ ಕೆಲವರು ಬರೆದರು. ಕಾರ್ನ್‌ವಾಲಿನ ನೆಲವನ್ನು ಬಲ್ಲವರಿಗೆ ಇದರಲ್ಲಿ ಗದ್ದಲದ ಸಂಗತಿಯೇನೂ ಇಲ್ಲ. ಅಲ್ಲಿನ ಮ್ಯಾಡ್ರನ್ ಎಂಬ ಊರಿನ ಬಳಿ ಒಂದು ಪವಿತ್ರ ಚಿಲುಮೆಯಿದೆ. ಅದರ ದಾರಿಯ ಮರದ ಕೊಂಬೆಗಳಿಗೆ ಬಣ್ಣಬಣ್ಣದ ಬಟ್ಟೆಚೂರುಗಳು ಕಟ್ಟಿರುತ್ತವೆ. ಕಾಯಿಲೆ ಬಿದ್ದವರ ಬಟ್ಟೆಯ ಚೂರನ್ನು ಕಟ್ಟಿ, ಆ ಬಟ್ಟೆ ಸವೆದುಹೋದಂತೆ ಕಾಯಿಲೆಯೂ ಸವೆಯಲಿ ಎಂದು ಬೇಡಿಕೊಳ್ಳುವ ಪದ್ಧತಿ ಅದು. ಅಲ್ಲೇ ಹತ್ತಿರದಲ್ಲಿ ಹಳೆಯ ಕ್ರೈಸ್ತ ಪ್ರಾರ್ಥನಾ ಮಂದಿರದ ಅವಶೇಷವಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಮೆನ್-ಆನ್-ಟೋಲ್ ಎಂಬ ತೂತಿನ ಕಲ್ಲಿದೆ, ರಿಕೆಟ್ಸ್ ಎಂಬ ಮೂಳೆರೋಗದ ಮಕ್ಕಳನ್ನು ಆ ತೂತಿನ ಮೂಲಕ ದಾಟಿಸಿದರೆ ಗುಣವಾಗುತ್ತದೆಂಬ ನಂಬಿಕೆಯಿತ್ತು. ಚಿಲುಮೆಗೆ ಬರುವವರಲ್ಲಿ ಸಂತನಿಗೆ ಕೈಮುಗಿಯುವವರೂ ಇದ್ದಾರೆ, ನೀರಿನ ದೇವಿಗೆ ಕೈಮುಗಿಯುವವರೂ ಇದ್ದಾರೆ. ಆ ಊರಿನ ಚರ್ಚಿನ ಶಾಲೆಯ ಮಗು ದಿನಾ ನೋಡುವ ಆ ಮರದ ಬಗ್ಗೆ ಪಾಠದಲ್ಲಿ ಒಂದು ಮಾತೂ ಇಲ್ಲದಿದ್ದರೆ, ಅದು ನಾಚಿಕೆಪಡಬೇಕಾದ ಸಂಗತಿಯೆಂದು ಮಗು ತಾನಾಗಿಯೇ ಅರ್ಥ ಮಾಡಿಕೊಳ್ಳುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ, ಪೇಗನ್ ಧರ್ಮ ಪುರಾತನವೇ ಅಲ್ಲ, ನಿನ್ನೆ ಮೊನ್ನೆ ಕಟ್ಟಿದ್ದು ಎಂಬುದು. ಇದರಲ್ಲಿ ಸತ್ಯಾಂಶವಿದೆ. ಮಾಟದ ವಿರುದ್ಧದ ಹಳೆಯ ಕಾಯ್ದೆ ರದ್ದಾದದ್ದು 1951ರಲ್ಲಿ. ಜೆರಾಲ್ಡ್ ಗಾರ್ಡ್ನರ್ ವಿಕ್ಕಾ ಪಂಥವನ್ನು ಜಗತ್ತಿಗೆ ಪರಿಚಯಿಸುವ ಪುಸ್ತಕ ಬರೆದದ್ದು 1954ರಲ್ಲಿ. ವಿಕ್ಕಾ ಆಧುನಿಕ ಬ್ರಿಟನ್ನಿನ ಸೃಷ್ಟಿಯೆಂದು ಬ್ರಿಸ್ಟಲಿನ ಇತಿಹಾಸಕಾರ ರೊನಾಲ್ಡ್ ಹಟ್ಟನ್ 1999ರಲ್ಲಿ ಸವಿಸ್ತಾರವಾಗಿ ತೋರಿಸಿದರು, ಪೇಗನರಲ್ಲೇ ಬಹಳ ಮಂದಿ ಅದನ್ನು ಒಪ್ಪಿಕೊಂಡರು. ಆದರೆ ಹೊಸದೆಂಬ ಕಾರಣಕ್ಕೆ ಪಾಠದಿಂದ ಹೊರಗಿಡುವುದಾದರೆ ಹತ್ತೊಂಬತ್ತನೆಯ ಶತಮಾನದ ಬಹಾಯಿ ಧರ್ಮವೂ ಹೊರಗೆ, ಎಷ್ಟೋ ಕ್ರೈಸ್ತ ಪಂಗಡಗಳೂ ಹೊರಗೆ. ಪ್ರತಿಯೊಂದು ಧರ್ಮವೂ ಒಂದು ಕಾಲಕ್ಕೆ ಹೊಸದಾಗಿತ್ತು. ಇಂಗ್ಲೆಂಡಿನ ದಾನದತ್ತಿ ಆಯೋಗ 2010ರಲ್ಲಿ ಪೇಗನ್ ಪಂಥವಾದ ಡ್ರೂಯಿಡರ ಸಂಘಟನೆಯೊಂದನ್ನು ಧಾರ್ಮಿಕ ಸಂಸ್ಥೆಯೆಂದು ನೋಂದಾಯಿಸಿತು. ಕಾನೂನಿನ ಕಣ್ಣಿಗೆ ಧರ್ಮವಾದದ್ದು ಪಾಠಪುಸ್ತಕದ ಕಣ್ಣಿಗೆ ಕಾಣಬಾರದೆನ್ನಲು ಕಾರಣ ಬೇಕು. ಇನ್ನು ಹಟ್ಟನ್ ಹೇಳಿದ್ದನ್ನು ಮುಚ್ಚಿಡಬೇಕಿಲ್ಲ. ಅದೇ ಒಂದು ಉತ್ತಮ ಪಾಠ. ಒಂದು ಧರ್ಮ ತನ್ನ ಹುಟ್ಟಿನ ಕಥೆಯನ್ನು ಹೇಗೆ ಹೇಳಿಕೊಳ್ಳುತ್ತದೆ, ಇತಿಹಾಸ ಅದನ್ನು ಹೇಗೆ ಹೇಳುತ್ತದೆ ಎಂಬ ವ್ಯತ್ಯಾಸವನ್ನು ಹದಿನಾಲ್ಕರ ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ವಸ್ತು ಸಿಗದು. ಅದೇ ಅಳತೆಗೋಲನ್ನು ಶಾಲೆ ತನ್ನ ಧರ್ಮಕ್ಕೂ ಹಿಡಿಯಬೇಕು ಅಷ್ಟೆ.

ವೇಳೆಯಿಲ್ಲ ಎಂಬುದು ಎರಡನೆಯ ಆಕ್ಷೇಪ. ವಾರಕ್ಕೊಂದೆರಡು ಪಿರಿಯಡ್ಡಿನಲ್ಲಿ ಹತ್ತು ಹದಿನೈದು ಧರ್ಮಗಳನ್ನು ತುರುಕಿದರೆ ಹಬ್ಬ, ತಿಂಡಿ, ಉಡುಪುಗಳ ಪಟ್ಟಿಯಷ್ಟೇ ಉಳಿಯುತ್ತದೆ. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಪಟ್ಟಿ ಉದ್ದವಾಗಬೇಕೆಂದು ನನ್ನ ವಾದವೂ ಅಲ್ಲ. 2018ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಡೀನ್ ಜಾನ್ ಹಾಲ್ ಅಧ್ಯಕ್ಷತೆಯ ಆಯೋಗ ಈ ವಿಷಯದ ಹೆಸರನ್ನೇ ಧರ್ಮ ಮತ್ತು ಲೋಕದೃಷ್ಟಿ ಎಂದು ಬದಲಿಸಬೇಕು, ಧರ್ಮಸಂಸ್ಥೆಗಳ ಶಾಲೆಗಳೂ ಸೇರಿ ಎಲ್ಲ ಶಾಲೆಗಳಿಗೂ ಒಂದೇ ಕನಿಷ್ಠ ಹಕ್ಕುಪಟ್ಟಿ ಇರಬೇಕು ಎಂದಿತು. ನಂಬಿಕೆಯಿಲ್ಲದವರ ನಿಲುವಿಗೂ ಜಾಗ ಬೇಕೆಂದು ಅದಕ್ಕೂ ಮೊದಲೇ, 2015ರ ನವೆಂಬರಿನಲ್ಲಿ, ಮೂರು ಕುಟುಂಬಗಳು ಹೂಡಿದ ದಾವೆಯಲ್ಲಿ ಹೈಕೋರ್ಟು ಸೂಚಿಸಿತ್ತು. ಆಯೋಗದ ಹಾದಿಯಲ್ಲಿ ನೋಡಿದರೆ ಪ್ರತಿ ಧರ್ಮಕ್ಕೊಂದು ಅಧ್ಯಾಯ ಬೇಕಿಲ್ಲ. ಶಾಲೆ ಇರುವ ಊರಿನ ಒಂದು ಸಣ್ಣ ಸಮುದಾಯವನ್ನು ಆರಿಸಿ ಆರು ವಾರ ನಿಧಾನವಾಗಿ ಕಲಿಸಿದರೆ ಸಾಕು. ಲೆಸ್ಟರಿನಲ್ಲಿ ಜೈನರ ದೇವಾಲಯವಿದೆ, ಕಾರ್ನ್‌ವಾಲಿನಲ್ಲಿ ಚಿಲುಮೆಯಿದೆ. ಒಂದನ್ನು ಆಳವಾಗಿ ಕಲಿತ ಮಗುವಿಗೆ ಎರಡನೆಯದನ್ನು ಹೇಗೆ ವಿಚಾರಿಸಬೇಕೆಂದು ತಿಳಿದಿರುತ್ತದೆ.

ತಂದೆತಾಯಿಯರ ಹಕ್ಕಿನ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ನಮ್ಮ ನಂಬಿಕೆಯ ವಾತಾವರಣದಲ್ಲಿ ಮಗು ಬೆಳೆಯಲೆಂದೇ ಈ ಶಾಲೆಗೆ ಸೇರಿಸಿದ್ದೇವೆ, ಅಲ್ಲೂ ಪರದೇವರುಗಳ ಪಾಠ ಏಕೆ ಎಂದು ಅವರು ಕೇಳುತ್ತಾರೆ. ಯುರೋಪಿನ ಮಾನವ ಹಕ್ಕು ಒಪ್ಪಂದ ತಂದೆತಾಯಿಯರ ಧಾರ್ಮಿಕ ನಿಲುವನ್ನು ಸರ್ಕಾರ ಗೌರವಿಸಬೇಕೆಂದು ಹೇಳುತ್ತದೆ. ಇಂಗ್ಲೆಂಡಿನ ಕಾನೂನು ಧಾರ್ಮಿಕ ಶಿಕ್ಷಣದಿಂದ ಮಗುವನ್ನು ಬಿಡಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಆದರೆ ಆ ಒಪ್ಪಂದದಡಿಯ ದೂರುಗಳನ್ನು ವಿಚಾರಿಸುವ ಸ್ಟ್ರಾಸ್‌ಬರ್ಗಿನ ನ್ಯಾಯಾಲಯ 1976ರಿಂದಲೂ ಹೇಳುತ್ತ ಬಂದದ್ದೇನೆಂದರೆ, ಸರ್ಕಾರಿ ಪಠ್ಯದಲ್ಲಿ ಮಾಹಿತಿ ವಸ್ತುನಿಷ್ಠವಾಗಿ, ವಿಮರ್ಶಾತ್ಮಕವಾಗಿ, ಬಹುತ್ವವನ್ನು ಒಪ್ಪಿಕೊಂಡು ಬಂದರೆ ಹಕ್ಕಿಗೆ ಧಕ್ಕೆಯಿಲ್ಲ, ಮತಬೋಧನೆಯಾದರೆ ಮಾತ್ರ ಧಕ್ಕೆ. 2007ರಲ್ಲಿ ಅದು ಟರ್ಕಿಯ ಅಲೆವಿ ಕುಟುಂಬವೊಂದರ ದೂರನ್ನು ಎತ್ತಿಹಿಡಿಯಿತು. ಅಲ್ಲಿನ ಕಡ್ಡಾಯ ಪಾಠದಲ್ಲಿ ಸುನ್ನಿ ಇಸ್ಲಾಮಿನ ವಿವರಗಳಿದ್ದವು, ದೇಶದ ದೊಡ್ಡ ಸಮುದಾಯಗಳಲ್ಲಿ ಒಂದಾದ ಅಲೆವಿಗಳ ನಂಬಿಕೆಯ ಬಗ್ಗೆ ಸಾಕಷ್ಟು ಇರಲಿಲ್ಲ. ಈ ಪ್ರಕರಣ ನಮಗೂ ಚೆನ್ನಾಗಿ ಅರ್ಥವಾಗುವಂಥದ್ದು. ದೊಡ್ಡ ಧರ್ಮದ ಅಧ್ಯಾಯದೊಳಗೆ ಸೇರಿಹೋಗಿ ಸಣ್ಣ ಧರ್ಮ ಕಣ್ಮರೆಯಾಗುವುದು ನೇರ ನಿರಾಕರಣೆಗಿಂತ ಹೆಚ್ಚು ನಡೆಯುತ್ತದೆ. 2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತು. ಆ ದಾರಿಯಲ್ಲಿ ಶಾಲೆಗೆ ಹೋಗುವ ಮಗು ಹಿಂದೂ ಧರ್ಮದ ಅಧ್ಯಾಯ ತೆರೆದು ನೋಡಿದರೆ ಅಲ್ಲಿ ಮೂರ್ತಿಪೂಜೆ, ದೇವಾಲಯ, ಅವತಾರಗಳು ಸಿಗುತ್ತವೆ. ಅಂಗೈಯ ಇಷ್ಟಲಿಂಗವಾಗಲಿ, ದೇಹವೇ ದೇಗುಲವೆಂದ ಶರಣರಾಗಲಿ ಸಿಗುವುದು ಕಷ್ಟ. ಲಿಂಗಾಯತ ಪ್ರತ್ಯೇಕ ಧರ್ಮವೋ ಅಲ್ಲವೋ ಎಂಬ ನಮ್ಮ ಊರಿನ ವಾದ ಅತ್ತ ಇರಲಿ. ಆ ಮಗು ತಿಳಿದದ್ದು ಅರೆಬರೆಯಾಗಿಯೇ ಉಳಿಯುತ್ತದೆ.

ಹಾಗಾದರೆ ಸರಿಯಾದ ಪಾಠ ಎಂದರೇನು? ಲಾಹೋರಿನಲ್ಲಿ ಕೆಲವು ವರ್ಷ ಪಾಠ ಮಾಡಿದ್ದ ಕೆನಡಾದ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್, ಒಂದು ಧರ್ಮದ ಬಗ್ಗೆ ಹೇಳಿದ ಮಾತನ್ನು ಆ ಧರ್ಮದವರೇ ಗುರುತಿಸಿ ಒಪ್ಪುವಂತಿರಬೇಕು ಎಂಬ ಒರೆಗಲ್ಲನ್ನು 1959ರಲ್ಲೇ ಮುಂದಿಟ್ಟಿದ್ದರು. ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಯಾವ ಸಮುದಾಯ ತಾನೆ ತನ್ನ ಕುಂದನ್ನು ಒಪ್ಪುತ್ತದೆ? ಜಾತಿಯ ಬಗ್ಗೆ, ಹೆಣ್ಣಿನ ಸ್ಥಾನದ ಬಗ್ಗೆ, ಹಿಂಸೆಯ ಬಗ್ಗೆ ಸಮುದಾಯದ ಮುಖಂಡರನ್ನೇ ಕೇಳಿ ಪಾಠ ಬರೆದರೆ ಅದು ಹೊಗಳಿಕೆಯಾಗುತ್ತದೆ. ಈ ಅಪಾಯ ಇದ್ದೇ ಇದೆ. ಆದರೆ ಗುರುತಿಸುವುದು ಬೇರೆ, ಮೆಚ್ಚುವುದು ಬೇರೆ. ಪ್ರತಿ ಧರ್ಮದೊಳಗೂ ಜಗಳವಾಡಿದವರಿದ್ದಾರೆ, ಅವರ ಮಾತೂ ಆ ಧರ್ಮದ್ದೇ. ಮುಖಂಡರನ್ನಷ್ಟೇ ಕೇಳದೆ ಅವರ ಹೆಂಗಸರನ್ನು, ಹುಡುಗರನ್ನು, ಅವರಲ್ಲಿ ಕೆಳಗೆ ತಳ್ಳಲ್ಪಟ್ಟವರನ್ನು ಕೇಳಿ ಬರೆದ ಪಾಠದಲ್ಲಿ ಟೀಕೆ ತಾನಾಗಿ ಬರುತ್ತದೆ.

ಈ ಒರೆಗಲ್ಲು ನಮ್ಮ ನೆಲಕ್ಕೆ ಹೊಸದಾದರೂ ಅದರ ಅಗತ್ಯ ಹಳೆಯದು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, ಶಾಲೆ ತೆರೆಯಿತು, ಅಚ್ಚುಕೂಟ ಹಾಕಿತು. ತುಳುನಾಡಿನ ದೈವಾರಾಧನೆಯ ಬಗ್ಗೆ ಆ ಕಾಲದ ವಿದ್ವಾಂಸ ಎ. ಸಿ. ಬರ್ನೆಲ್ ಸಂಗ್ರಹಿಸಿದ ಅಮೂಲ್ಯ ಸಾಮಗ್ರಿ 1890ರ ದಶಕದಲ್ಲಿ ಅಚ್ಚಾದದ್ದು ತುಳುವರ ಪಿಶಾಚಪೂಜೆ ಎಂಬ ಅರ್ಥದ ಶೀರ್ಷಿಕೆಯಲ್ಲಿ. ದೈವಗಳ ಕಥೆ ಹೇಳುವ ಪಾಡ್ದನ ಹಾಡುಗಳನ್ನು ಉಳಿಸಿಕೊಟ್ಟವರಲ್ಲಿ ಮಿಷನರಿಗಳೂ ಇದ್ದಾರೆ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಹಾಗೆಯೇ, ಆ ಶೀರ್ಷಿಕೆಯನ್ನು ದೈವ ಕಟ್ಟುವ ಒಬ್ಬ ನಲಿಕೆಯವನಾಗಲಿ ಪಂಬದನಾಗಲಿ ತನ್ನದೆಂದು ಗುರುತಿಸಲಾರ ಎಂಬುದನ್ನೂ. ಇಂದು ಪಿಶಾಚವೆನ್ನುವವರು ಕಡಿಮೆ. ಅದರ ಬದಲು ಭೂತಕೋಲ ಸಾಮಾನ್ಯವಾಗಿ ಡೊಳ್ಳು, ವೀರಗಾಸೆಗಳ ಸಾಲಿನಲ್ಲಿ ಜಾನಪದ ಕಲೆಯಾಗಿ ಪಾಠದಲ್ಲಿ ಬರುತ್ತದೆ. ರಾತ್ರಿಯಿಡೀ ನಿಂತು ದೈವದ ಮುಂದೆ ಜಮೀನಿನ ತಕರಾರನ್ನು ಹೇಳಿಕೊಂಡು, ನುಡಿ ಕೇಳಿ, ಗಂಧಪ್ರಸಾದ ಪಡೆದು ಬರುವ ಮನೆಯ ಮಗುವಿಗೆ ಅದು ಕಲೆಯಲ್ಲ. ಅದು ನ್ಯಾಯಾಲಯ, ಅದು ದೇವರು. ಈ ತೊಡಕು ತುಳುನಾಡಿನದಷ್ಟೇ ಅಲ್ಲ. 2011ರ ಜನಗಣತಿಯಲ್ಲಿ ಭಾರತದ ಸುಮಾರು 49 ಲಕ್ಷ ಆದಿವಾಸಿಗಳು ತಮ್ಮ ಧರ್ಮ ಸರನಾ ಎಂದು ಬರೆಸಿದರು. ಜೈನರ ಸಂಖ್ಯೆ ಸುಮಾರು 44 ಲಕ್ಷ. ಜೈನರಿಗೆ ಗಣತಿಯಲ್ಲಿ ಪ್ರತ್ಯೇಕ ಹೆಸರಿದೆ, ಸರನಾ ಇತರ ಧರ್ಮಗಳ ಪಟ್ಟಿಯಲ್ಲಿ ಸೇರಿದೆ. ಬೇರೆ ಕಲಂ ಬೇಕೆಂದು ಜಾರ್ಖಂಡ್ ವಿಧಾನಸಭೆ 2020ರಲ್ಲಿ ನಿರ್ಣಯ ಮಾಡಿತು.

ಇಂಥ ನಂಬಿಕೆಗಳನ್ನು ಶಾಲೆಯಲ್ಲಿ ಕಲಿಸಲು ನಮ್ಮಲ್ಲಿ ಕಾನೂನಿನ ಅಡ್ಡಿಯೂ ಇಲ್ಲ. ಸಂವಿಧಾನದ 28ನೆಯ ವಿಧಿ ಪೂರ್ಣ ಸರ್ಕಾರಿ ಶಾಲೆಯಲ್ಲಿ ಮತಬೋಧನೆಯನ್ನು ನಿಷೇಧಿಸುತ್ತದೆ, ಅನುದಾನಿತ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂರಿಸಬಾರದೆನ್ನುತ್ತದೆ. ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದು ಮತಬೋಧನೆಯಲ್ಲ ಎಂಬ ಭೇದವನ್ನು ಕೊಠಾರಿ ಆಯೋಗ 1966ರಲ್ಲೇ ಗುರುತಿಸಿತು, ಸುಪ್ರೀಂ ಕೋರ್ಟು 2002ರ ಅರುಣಾ ರಾಯ್ ಪ್ರಕರಣದಲ್ಲಿ ಎತ್ತಿಹಿಡಿಯಿತು. 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. ಸುತ್ತೂರು, ಸಿದ್ಧಗಂಗೆ, ಆದಿಚುಂಚನಗಿರಿಯಂಥ ಮಠಗಳೂ ಕ್ರೈಸ್ತ ಧರ್ಮಪ್ರಾಂತಗಳೂ ಮುಸ್ಲಿಂ ಸಂಸ್ಥೆಗಳೂ ಸೇರಿ ಕರ್ನಾಟಕದಲ್ಲಿ ಲಕ್ಷಾಂತರ ಮಕ್ಕಳಿಗೆ ಅಕ್ಷರ ಕಲಿಸುತ್ತಿವೆ. ಬಡವರ ಮನೆಗೆ ವಿದ್ಯೆ ಮುಟ್ಟಿಸಿದ್ದು ಇವರೇ ಎಂಬುದರಲ್ಲಿ ಎರಡು ಮಾತಿಲ್ಲ. ಈ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ನೀತಿಪಾಠದ ಪಿರಿಯಡ್ಡು ಈಗಾಗಲೇ ನಿಮ್ಮ ವೇಳಾಪಟ್ಟಿಯಲ್ಲಿದೆ. ವರ್ಷಕ್ಕೆ ಆರು ವಾರ ಅದನ್ನು ನಿಮ್ಮದಲ್ಲದ, ನಿಮ್ಮ ಊರಿನ ಒಂದು ಸಣ್ಣ ಸಮುದಾಯದ ನಂಬಿಕೆಗೆ ಕೊಡಿ: ಸೋಲಿಗರದ್ದಿರಲಿ, ಕೊರಗರದ್ದಿರಲಿ, ಊರಾಚೆಯ ಬೌದ್ಧ ಕುಟುಂಬಗಳದ್ದಿರಲಿ. ಪಾಠ ಬರೆದ ಮೇಲೆ, ಮಕ್ಕಳ ಕೈಗೆ ಕೊಡುವ ಮೊದಲು, ಆ ಸಮುದಾಯದ ನಾಲ್ಕು ಜನರನ್ನು ಕೂರಿಸಿಕೊಂಡು ಓದಿ ಹೇಳಿ. ಅವರು ಇದು ನಾವಲ್ಲ ಎಂದರೆ ತಿದ್ದಿ ಬರೆಯಿರಿ.